ಋಷಿಋಣವೂ ವಿಶ್ವವಿದ್ಯಾನಿಲಯವೂ

ಮನುಷ್ಯನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಬರುತ್ತಾನೆಂದು ಈ ದೇಶದ ಹಿರಿಯರು ಹೇಳಿರುವರು. ದೇವಋಣವನ್ನು ಯಜ್ಞದಿಂದಲೂ ಪಿತೃಋಣವನ್ನು ಸಂತಾನದಿಂದಲೂ ಋಷಿಋಣವನ್ನು ಅಧ್ಯಯನದಿಂದಲೂ ತೀರಿಸತಕ್ಕದ್ದೆಂಬುದು ಶಾಸ್ತ್ರದ ಮಾತು. ಆದರೆ ಅಧ್ಯಯನವೆಂದರೆ ಹಿಂದಿನವರು ಕಂಡುದನ್ನು ಬಾಯಿಪಾಠ ಮಾಡುವುದು ಮಾತ್ರವೆ? ಅವರು ಕಾಣದೆ ಬಿಟ್ಟುದನ್ನು ಕಾಣಲೆಳಸುವುದೂ ಅದರಲ್ಲಿ ಸೇರಿಲ್ಲವೆ? ಸೇರಿದೆಯೆಂದು ಒಪ್ಪಿದೊಡನೆ ಇನ್ನೊಂದು ಪ್ರಶ್ನೆ ಏಳುತ್ತದೆ. ಫಲವು ದೊರೆಯುವುದೋ ಇಲ್ಲವೋ, ದೊರೆತರೂ ಯಾರ ಪಾಲಿಗೆ ದೊರೆಯುವುದೋ ತಿಳಿಯದ ಇಂತಹ ಅನ್ವೇಷಣೆಯ ವೆಚ್ಚವನ್ನು ಹೊರತಕ್ಕವರು ಯಾರು? ಮಂಗಳೂರಿನ ಹೊರವಲಯದಲ್ಲಿ ಕೊಣಾಜೆಯ ಗುಡ್ಡದ ಮೇಲೆ ಒಂದು ವಿಶ್ವವಿದ್ಯಾನಿಲಯವನ್ನು ಪಡೆದಿರುವ ಜಿಲ್ಲೆಗೆ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಮನೆಮನೆಯವರೂ ಉತ್ತರ ಹೇಳಬೇಕಾದ ಪ್ರಶ್ನೆ.

ಋಣವು ಎಷ್ಟರದೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಪುತ್ತೂರು, ವಿಟ್ಲ, ಸುಳ್ಯಗಳ ಅಡಕೆಯ ತೋಟಗಳಲ್ಲಿ ಮಳೆ ಹಿಡಿಯುವ ಮುನ್ನ ಮದ್ದು ಬಿಡುವ ಗಡಿಬಿಡಿಯನ್ನು ನೋಡದವರಿಲ್ಲ. ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು: ಈ ಲೆಕ್ಕವು ಕೃಷಿಕರ ಮನೆಯ ಮಕ್ಕಳಿಗೂ ಬಾಯಿಗೆ ಬರುತ್ತದೆ. ಮುಂಗಾರಿಗೆ ಮೊದಲು ಒಮ್ಮೆ, ನಾಲ್ವತ್ತು ನಾಲ್ವತ್ತೈದು ದಿನ ಕಳೆದು ಇನ್ನೊಮ್ಮೆ ಈ ದ್ರಾವಣವು ಗೊನೆಗೆ ಬೀಳದಿದ್ದರೆ ಕೊಳೆರೋಗವು ವರ್ಷದ ಅನ್ನವನ್ನೇ ನೆಲಕ್ಕುದುರಿಸಬಲ್ಲದು. ಇದಕ್ಕೆ ಬೋರ್ಡೊ ದ್ರಾವಣವೆಂದು ಹೆಸರು. ಬೋರ್ಡೊ ಎಂಬುದು ಫ್ರಾನ್ಸಿನ ಒಂದು ಪಟ್ಟಣ. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಮಿಲ್ಲಾರ್ಡೆ ಎಂಬವರು ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದರು. 1882ರಲ್ಲಿ ಅವರು ಒಂದು ದ್ರಾಕ್ಷಿತೋಟದ ಬಳಿ ನಡೆದುಹೋಗುತ್ತಿದ್ದಾಗ, ದಾರಿಯಂಚಿನ ಬಳ್ಳಿಗಳು ಮಾತ್ರ ಬೂಷ್ಟುರೋಗ ತಗಲದೆ ಹಸುರಾಗಿ ಉಳಿದುದನ್ನು ಕಂಡರು. ದಾರಿಹೋಕರು ಹಣ್ಣನ್ನು ಕದಿಯದಿರಲೆಂದು ತೋಟದವರು ಆ ಬಳ್ಳಿಗಳಿಗೆ ಮೈಲುತುತ್ತನ್ನೂ ಸುಣ್ಣವನ್ನೂ ಎರಚಿದ್ದರು. ಇತರರು ನೋಡಿ ಮುಂದೆ ಹೋಗುತ್ತಿದ್ದ ಈ ಸಂಗತಿಯ ಬೆನ್ನುಹಿಡಿದು, ಮೂರು ವರ್ಷ ಪರೀಕ್ಷಿಸಿ, 1885ರಲ್ಲಿ ಅವರು ಅದರ ಫಲವನ್ನು ಪ್ರಕಟಿಸಿದರು.

ಅವರಿಗಿಂತ ಮುಂಚೆ ಜರ್ಮನಿಯ ಡಿ ಬಾರಿ ಎಂಬ ಪಂಡಿತರು ಆಲೂಗೆಡ್ಡೆಯ ಬೆಳೆಯನ್ನು ಕೊಳೆಯಿಸಿ ಐರ್ಲೆಂಡಿನಲ್ಲಿ ಕ್ಷಾಮವನ್ನು ತಂದ ಸೂಕ್ಷ್ಮಜೀವಿಯನ್ನು ಗುರುತಿಸಿ, 1876ರಲ್ಲಿ ಅದರ ಕುಲಕ್ಕೆ ಫೈಟಾಫ್ತೊರ ಎಂಬ ಹೆಸರನ್ನಿತ್ತಿದ್ದರು. ಅಡಕೆಯನ್ನು ಕೊಳೆಯಿಸುವುದೂ ಅದೇ ಕುಲದ್ದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದ ಲೆಸ್ಲಿ ಕೋಲ್ಮನ್ ಎಂಬವರು ಮಲೆನಾಡಿನ ತೋಟಗಳಲ್ಲಿ ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಹೀಗೆ ಆಲೂಗೆಡ್ಡೆಯನ್ನು ಕುರಿತು ಒಬ್ಬರು, ದ್ರಾಕ್ಷಿಯನ್ನು ಕುರಿತು ಇನ್ನೊಬ್ಬರು, ಅಡಕೆಯನ್ನು ಕುರಿತು ಮತ್ತೊಬ್ಬರು ಕೇಳಿದ ಪ್ರಶ್ನೆಗಳು ಒಂದಕ್ಕೊಂದು ಕೂಡಿಕೊಂಡು ಇಂದಿಗೂ ಈ ಜಿಲ್ಲೆಯ ಸಾವಿರಾರು ಸಂಸಾರಗಳ ಒಲೆಯನ್ನು ಉರಿಸುತ್ತಿವೆ. ಮೊದಲಿನ ಇಬ್ಬರು ಬರೆದುದು ವಿಟ್ಲದ ತೋಟದವರಿಗಾಗಿ ಅಲ್ಲ. ಅವರಿಗೆ ಸಂಬಳ ಕೊಟ್ಟ ವಿಶ್ವವಿದ್ಯಾನಿಲಯಗಳೂ ತಾವು ಕೊಟ್ಟ ಹಣವು ಎಲ್ಲಿ ಹೋಗಿ ಫಲ ಕೊಡುವುದೆಂದು ಎಣಿಸಿರಲಿಲ್ಲ.

ಹೊಟ್ಟೆಯ ಮಾತು ಹಾಗಿರಲಿ. ನಾಲಗೆಯ ಮಾತೂ ಹೀಗೆಯೇ. ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದುದು 1834ರಲ್ಲಿ. ಮತಪ್ರಚಾರವೇ ಅವರ ಉದ್ದೇಶವಾಗಿತ್ತು. ಆದರೂ ಆ ಸಂಸ್ಥೆಯ ಆಶ್ರಯದಲ್ಲಿ 1853ರಲ್ಲಿ ಈ ದೇಶಕ್ಕೆ ಬಂದ ಫರ್ಡಿನಂಡ್ ಕಿಟೆಲ್ಲರು ತಮ್ಮ ಕನ್ನಡ-ಇಂಗ್ಲಿಷ್ ನಿಘಂಟನ್ನು ಮಂಗಳೂರಿನಲ್ಲಿ ಹೊರತರಿಸಿದುದು 1894ರಲ್ಲಿ. ಬಂದಂದಿನಿಂದ ಅಂದಿಗೆ 41 ವರ್ಷ. ಕೂಡಿದ ಶಬ್ದಗಳು ಸುಮಾರು 70,000. ಅದಕ್ಕೆ ಎಂಟು ವರ್ಷ ಮುಂಚೆ, 1886ರಲ್ಲಿ, ಮೆನ್ನರ್ ಎಂಬವರ ತುಳು-ಇಂಗ್ಲಿಷ್ ನಿಘಂಟು ಇದೇ ಊರಿನಲ್ಲಿ ಅಚ್ಚಾಗಿತ್ತು. ವರ್ಷಕ್ಕೊಮ್ಮೆ ಲೆಕ್ಕ ನೋಡಿ, ಈ ವರ್ಷ ಎಷ್ಟು ಶಬ್ದಗಳಿಂದ ಎಷ್ಟು ಲಾಭ ಬಂತೆಂದು ಕೇಳುವವರ ಕೈಯಲ್ಲಿ ಅಂತಹ ಕೆಲಸವು ಮುಗಿಯುವುದೆಂತು?

ಈ ಋಣವನ್ನು ಜಿಲ್ಲೆಯು ತೀರಿಸಲೇ ಇಲ್ಲವೆಂದರೆ ಅನ್ಯಾಯವಾದೀತು. ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಕು. ಶಿ. ಹರಿದಾಸ ಭಟ್ಟರ ನೇತೃತ್ವದಲ್ಲಿ 1979ರಲ್ಲಿ ತುಳು ನಿಘಂಟಿನ ಕಾರ್ಯವು ಮೊದಲಾಯಿತು. ಯು. ಪಿ. ಉಪಾಧ್ಯಾಯರು ಅದರ ಪ್ರಧಾನ ಸಂಪಾದಕರಾದರು, ರಾಜ್ಯಸರಕಾರವು ನೆರವಿತ್ತಿತು. 1988ರಿಂದ 1997ರ ವರೆಗೆ ಆರು ಸಂಪುಟಗಳು ಹೊರಬಂದುವು. ಆ ಕೇಂದ್ರಕ್ಕೆ ಯಾರ ಹೆಸರಿದೆಯೋ ಆ ಮಂಜೇಶ್ವರದ ಗೋವಿಂದ ಪೈಗಳು ಯಾವ ವಿಶ್ವವಿದ್ಯಾನಿಲಯದ ಸಂಬಳವನ್ನೂ ಪಡೆಯದೆ, ಪಿತ್ರಾರ್ಜಿತ ಆಸ್ತಿಯನ್ನು ನೆಮ್ಮಿ, ಸ್ವಂತ ಮನೆಯ ಗ್ರಂಥಭಂಡಾರದಲ್ಲಿ ಕುಳಿತು ಇತಿಹಾಸದ ಕಾಲನಿರ್ಣಯಗಳನ್ನು ಮಾಡಿದವರು. ತುಳುನಾಡಿನ ದೇವಾಲಯಗಳನ್ನೂ ಶಾಸನಗಳನ್ನೂ ಅರಸುತ್ತ ಊರೂರು ಸುತ್ತಿದ ಪಿ. ಗುರುರಾಜ ಭಟ್ಟರು 1975ರಲ್ಲಿ ಪ್ರಕಟಿಸಿದ ತುಳುವ ಇತಿಹಾಸದ ಮಹಾಗ್ರಂಥವು ಕಾಲೇಜಿನ ಅಧ್ಯಾಪಕರೊಬ್ಬರ ಕಾಲ್ನಡಿಗೆಯ ಫಲ.

ಆದರೆ ಇಂತಹ ಮಹನೀಯರ ತ್ಯಾಗವನ್ನೇ ಒಂದು ವ್ಯವಸ್ಥೆಯೆಂದು ತಿಳಿಯುವುದು ಸಲ್ಲದು. ಪಿತ್ರಾರ್ಜಿತವಿಲ್ಲದ ಬುದ್ಧಿವಂತನು ಏನು ಮಾಡಬೇಕು? ಮತ್ತು ಕೆಲವು ಪ್ರಶ್ನೆಗಳನ್ನು ಮನೆಯ ಗ್ರಂಥಭಂಡಾರದಲ್ಲಿ ಕುಳಿತು ಕೇಳಲು ಬರುವುದಿಲ್ಲ. ಕೊಣಾಜೆಯಲ್ಲಿ 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವು ಆರಂಭವಾಗಿ, ಅದು 1980ರ ಸೆಪ್ಟೆಂಬರ 10ರಂದು ಸ್ವತಂತ್ರವಾದ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಅಲ್ಲಿ ಅಣುಶಕ್ತಿ ಇಲಾಖೆಯ ನೆರವಿನಿಂದಲೂ ಇಂದೂರಿನ ವಿಜ್ಞಾನಿಗಳ ಸಹಕಾರದಿಂದಲೂ ಮೈಕ್ರೊಟ್ರಾನ್ ಎಂಬ ಯಂತ್ರವು ಸ್ಥಾಪಿತವಾಯಿತು. ಇಲೆಕ್ಟ್ರಾನುಗಳನ್ನು ಅಯಸ್ಕಾಂತದ ನಡುವೆ ಸುತ್ತುಸುತ್ತಾಗಿ ಓಡಿಸಿ, ಒಂದೊಂದು ಸುತ್ತಿನಲ್ಲಿಯೂ ಅವುಗಳ ಶಕ್ತಿಯನ್ನು ಹೆಚ್ಚಿಸಿ, 80 ಲಕ್ಷ ಇಲೆಕ್ಟ್ರಾನ್ ವೋಲ್ಟುಗಳ ವರೆಗೆ ಏರಿಸುವುದು ಅದರ ಕಾರ್ಯ. ಇಂತಹ ಯಂತ್ರವನ್ನು ಯಾವ ಗೃಹಸ್ಥನೂ ತನ್ನ ಚಾವಡಿಯಲ್ಲಿ ಇಟ್ಟುಕೊಳ್ಳಲಾರನು. ಅದನ್ನು ನಡೆಸಲು ವಿದ್ಯುತ್ತು ಬೇಕು, ಕುಶಲ ಕೆಲಸಗಾರರು ಬೇಕು, ಕೆಟ್ಟ ಭಾಗಕ್ಕೆ ಬದಲು ಬೇಕು. ಇವೆಲ್ಲವೂ ವರ್ಷವರ್ಷವೂ ಬೇಕು.

ಇಲ್ಲಿ ಎರಡು ಆಕ್ಷೇಪಗಳು ಕೇಳಿಬರುತ್ತವೆ, ಎರಡೂ ತಳ್ಳಿಬಿಡತಕ್ಕವಲ್ಲ. ಮೊದಲನೆಯದು ದಯೆಯ ಆಕ್ಷೇಪ. ಕಾಲೇಜಿನ ಶುಲ್ಕಕ್ಕೆ ಹಣವಿಲ್ಲದ ಹುಡುಗಿ ಕಣ್ಣೆದುರಿಗಿರುವಾಗ, ಆಸ್ಪತ್ರೆಯ ಜಗಲಿಯಲ್ಲಿ ರೋಗಿಯು ಕಾದಿರುವಾಗ, ಫಲ ತಿಳಿಯದ ಪ್ರಯೋಗಕ್ಕೆ ಹಣ ಸುರಿಯುವುದು ಧರ್ಮವೆ? ಹಸಿದವನಿಗೆ ಮೊದಲು ಅನ್ನವಿಕ್ಕಬೇಕೆಂಬುದರಲ್ಲಿ ಸಂಶಯವಿಲ್ಲ. ಆದರೆ ಈ ಆಕ್ಷೇಪವು ಇಂದಿನ ಹಸಿವನ್ನು ಮಾತ್ರ ಕಾಣುತ್ತದೆ. ಬಿತ್ತಕ್ಕಿಟ್ಟ ಭತ್ತವನ್ನು ಕುಟ್ಟಿ ಉಂಡ ಮನೆಯು ಮುಂದಿನ ಕೊಯ್ಲಿನಲ್ಲಿ ಎರಡು ಪಾಲು ಹಸಿಯುತ್ತದೆ. ಬೋರ್ಡೊವಿನ ಅಧ್ಯಾಪಕರ ಸಂಬಳವನ್ನು ಅಂದಿನ ಬಡವರಿಗೆ ಹಂಚಿದ್ದರೆ ಕೆಲವರು ಕೆಲವು ದಿನ ಉಣ್ಣುತ್ತಿದ್ದರು. ಕೊಳೆರೋಗದಿಂದ ಬಡವರಾಗಬಹುದಾಗಿದ್ದವರ ಲೆಕ್ಕವನ್ನು ಇಡುವವರು ಇರುತ್ತಿರಲಿಲ್ಲ. ಎಳೆಯ ವಿದ್ಯಾರ್ಥಿಯ ವಿಷಯದಲ್ಲಿ ಮಾತ್ರ ಈ ಆಕ್ಷೇಪವು ತೀಕ್ಷ್ಣವಾಗಿಯೇ ಉಳಿಯುತ್ತದೆ. ರಾಜ್ಯದ ವಿಶ್ವವಿದ್ಯಾನಿಲಯಗಳ ಸ್ವಂತ ವರಮಾನದ ದೊಡ್ಡ ಭಾಗವು ಸಂಯೋಜಿತ ಕಾಲೇಜುಗಳಿಂದಲೂ ಪರೀಕ್ಷೆಗಳಿಂದಲೂ ಬರುವ ಶುಲ್ಕ. 2023ರಲ್ಲಿ ಕೊಡಗಿಗೆ ಬೇರೆ ವಿಶ್ವವಿದ್ಯಾನಿಲಯವಾದ ಮೇಲೆ ಕೊಣಾಜೆಗೆ ಸೇರಿದ ಕಾಲೇಜುಗಳ ಸಂಖ್ಯೆಯೂ ಕುಗ್ಗಿತು. ಸಂಶೋಧನೆಯ ಕೊರತೆಯನ್ನು ತುಂಬಲು ಬಡ ವಿದ್ಯಾರ್ಥಿಯ ಪರೀಕ್ಷಾಶುಲ್ಕವನ್ನು ಏರಿಸುವುದು ಊರಿನ ಋಣವನ್ನು ಊರಿನ ಮಕ್ಕಳ ತಲೆಗೆ ಕಟ್ಟಿದಂತೆ. ಅದು ಆಗಕೂಡದು.

ಎರಡನೆಯದು, ಇದು ಸರಕಾರದ ಕರ್ತವ್ಯ, ಜನರದಲ್ಲ ಎಂಬ ಆಕ್ಷೇಪ. ಕರ್ತವ್ಯವು ಸರಕಾರದ್ದೆಂಬುದು ನಿಜ. ಅದನ್ನು ಪೂರ್ತಿಯಾಗಿ ನಡೆಸಿಲ್ಲವೆಂಬುದೂ ನಿಜ. 2020-21ರಲ್ಲಿ ಭಾರತವು ಸಂಶೋಧನೆಗೆ ವೆಚ್ಚಮಾಡಿದುದು ರಾಷ್ಟ್ರೀಯ ಉತ್ಪನ್ನದ ನೂರರಲ್ಲಿ 0.64 ಪಾಲು. 2023ರಲ್ಲಿ ಅನುಸಂಧಾನ ರಾಷ್ಟ್ರೀಯ ಸಂಶೋಧನ ಪ್ರತಿಷ್ಠಾನದ ಶಾಸನವಾದಾಗ ಐದು ವರ್ಷಗಳಿಗೆ 50,000 ಕೋಟಿ ರೂಪಾಯಿಗಳ ಅಂದಾಜನ್ನು ಪ್ರಕಟಿಸಲಾಯಿತು. ಅದರಲ್ಲಿ ಸರಕಾರದ ಪಾಲು 14,000 ಕೋಟಿ. ಉಳಿದ 36,000 ಕೋಟಿಯು ಉದ್ಯಮಗಳಿಂದಲೂ ದಾನಿಗಳಿಂದಲೂ ಬರಬೇಕೆಂಬುದು ಎಣಿಕೆ. ಅಂದರೆ ಸರಕಾರವೇ ಈ ಹೊರೆಯ ಹೆಚ್ಚಿನ ಪಾಲನ್ನು ಸಮಾಜದ ಕಡೆಗೆ ತೋರಿಸಿದೆ. ಸರಕಾರವನ್ನು ಎಚ್ಚರಿಸುವುದು ಪ್ರಜೆಗಳ ಕೆಲಸ. ಆದರೆ ಎಚ್ಚರಿಸುವವನು ತನ್ನ ಪಾಲನ್ನು ಮೊದಲು ತೀರಿಸಿದ್ದರೆ ಅವನ ಮಾತಿಗೆ ಹೆಚ್ಚು ತೂಕ ಬರುತ್ತದೆ.

ಹಾಗಾದರೆ ಕೊಡತಕ್ಕ ರೀತಿ ಯಾವುದು? ಋಣಸಂದಾಯಕ್ಕೂ ದಾನಕ್ಕೂ ಹೂಡಿಕೆಗೂ ಇರುವ ಭೇದವನ್ನು ಇಲ್ಲಿ ಮರೆಯಕೂಡದು. ದಾನ ಮಾಡಿದವನು ಹೆಸರನ್ನು ಬಯಸಿಯಾನು. ಹೂಡಿಕೆ ಮಾಡಿದವನು ಲಾಭವನ್ನು ಕೇಳಿಯಾನು. ಸಾಲವನ್ನು ತೀರಿಸುವವನಿಗೆ ಇವೆರಡರ ಮೇಲೆಯೂ ಹಕ್ಕಿಲ್ಲ. ಈ ಭೇದವನ್ನು ಮರೆತುದರಿಂದಲೇ ಮೂರು ದೋಷಗಳು ಹುಟ್ಟಿಕೊಂಡಿವೆ.

ಕಟ್ಟಡಕ್ಕೆ ಕೊಟ್ಟು ಎಣ್ಣೆಗೆ ಕೊಡದಿರುವುದು ಮೊದಲನೆಯ ದೋಷ. ತುಳುನಾಡಿನ ಹಳೆಯ ಶಾಸನಗಳನ್ನು ಬರೆಯಿಸಿದವರು ಈ ವಿಷಯದಲ್ಲಿ ಇಂದಿನವರಿಗಿಂತ ಬುದ್ಧಿವಂತರು. ದೇವಾಲಯವನ್ನು ಕಟ್ಟಿದರೆ ಸಾಲದು, ನಂದಾದೀಪವು ಉರಿಯಬೇಕು. ಅದಕ್ಕೆ ಇಂತಿಷ್ಟು ಭೂಮಿ, ಇಂತಿಷ್ಟು ಅಕ್ಕಿ ಎಂದು ಕಲ್ಲಿನಲ್ಲಿ ಕೊರೆಯಿಸಿದರು. ಇಂದಿನ ದಾನಿಗೆ ತನ್ನ ತಂದೆಯ ಹೆಸರಿನ ಸಭಾಂಗಣವು ಕಾಣುತ್ತದೆ. ಪ್ರಯೋಗಶಾಲೆಯ ಕೆಲಸಗಾರನ ಸಂಬಳ, ಗ್ರಂಥಾಲಯಕ್ಕೆ ಬರುವ ಪತ್ರಿಕೆಗಳ ಚಂದಾ, ರಾತ್ರಿ ಕುಳಿತು ಅಳತೆಗಳನ್ನು ಬರೆದುಕೊಳ್ಳುವ ವಿದ್ಯಾರ್ಥಿಯ ವೇತನ ಕಾಣುವುದಿಲ್ಲ. ದೀಪವಿಲ್ಲದ ಗುಡಿಯನ್ನು ಪಾಳುಗುಡಿಯೆನ್ನುತ್ತಾರೆ. ಕೆಲಸ ನಡೆಯದ ಪ್ರಯೋಗಶಾಲೆಯನ್ನು ಏನೆನ್ನಬೇಕು?

ಅವಧಿಯನ್ನು ಕಿರಿದುಮಾಡುವುದು ಎರಡನೆಯ ದೋಷ. ಮಂಗಳೂರಿನ ದಕ್ಕೆಯಲ್ಲಿ ಒಂದು ವರ್ಷ ಬೂತಾಯಿಯು ರಾಶಿರಾಶಿಯಾಗಿ ಬೀಳುತ್ತದೆ. ಮತ್ತೊಂದು ವರ್ಷ ಬಲೆ ಬರಿದಾಗಿ ಬರುತ್ತದೆ. ಕಾರಣವು ಕಡಲಿನ ಬಿಸಿಯಲ್ಲಿದೆಯೆ, ಮಳೆಯಲ್ಲಿದೆಯೆ, ಮರಿಗಳನ್ನು ಹಿಡಿದುದರಲ್ಲಿದೆಯೆ ಎಂದು ಬೇರೆಬೇರೆಯಾಗಿ ತೂಗಿ ನೋಡಬೇಕಾದರೆ ದಶಕಗಳ ಕಾಲ ಬಿಡದೆ ಅಳೆಯಬೇಕು. ಭಾರತದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಈ ಊರಿನಲ್ಲಿಯೇ ಸ್ಥಾಪಿತವಾದುದು ಆಕಸ್ಮಿಕವಲ್ಲ. ಪ್ರಶ್ನೆಯು ಈ ದಡದ್ದೇ. ಆದರೆ ಮೂರು ವರ್ಷದ ಹಣಕ್ಕೆ ಮೂರು ವರ್ಷದ ಉತ್ತರವೇ ದೊರೆಯುವುದು. ಕಡಲು ಆ ಗಡುವನ್ನು ಕೇಳುವುದಿಲ್ಲ.

ಉತ್ತರವನ್ನು ಮೊದಲೇ ನಿಶ್ಚಯಿಸಿ ಹಣ ಕೊಡುವುದು ಮೂರನೆಯ ದೋಷ. ಎಲ್ಲಕ್ಕಿಂತ ಹೆಚ್ಚು ಅಪಾಯಕರವಾದುದು. ನೇತ್ರಾವತಿ ಫಲ್ಗುಣಿಗಳು ಕಡಲನ್ನು ಸೇರುವ ಅಳಿವೆಯ ನೀರನ್ನು ಪರೀಕ್ಷಿಸುವವನ ಸಂಬಳವು ಆ ನೀರಿಗೆ ತನ್ನ ಕೊಳಕನ್ನು ಬಿಡಬಹುದಾದವನ ಚೀಲದಿಂದ ಬರುತ್ತಿದ್ದರೆ, ಅವನ ಬರವಣಿಗೆಯನ್ನು ಮೀನುಗಾರನು ನಂಬುವುದೆಂತು? ಬರೆದವನು ಪ್ರಾಮಾಣಿಕನಾಗಿದ್ದರೂ ಸಂಶಯವು ಹೋಗದು. ವಿಷಯಗಳ ಆಯ್ಕೆಯಲ್ಲಿಯೂ ಈ ದೋಷವುಂಟು. 2013ರ ಕಂಪೆನಿ ಶಾಸನದಂತೆ ದೊಡ್ಡ ಕಂಪೆನಿಗಳು ಮೂರು ವರ್ಷಗಳ ಸರಾಸರಿ ಲಾಭದ ನೂರರಲ್ಲಿ 2 ಪಾಲನ್ನು ಸಾಮಾಜಿಕ ಕಾರ್ಯಗಳಿಗೆ ವೆಚ್ಚಮಾಡಬೇಕು. 2019ರ ತಿದ್ದುಪಡಿಯಿಂದ ಸಾರ್ವಜನಿಕ ವಿಶ್ವವಿದ್ಯಾನಿಲಯಗಳ ಸಂಶೋಧನೆಗೂ ಆ ಹಣವನ್ನು ಕೊಡಲು ದಾರಿಯಾಯಿತು, ಒಳ್ಳೆಯದೇ ಆಯಿತು. ಆದರೆ ಆ ಕಲಮಿನಲ್ಲಿ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ವೈದ್ಯಗಳ ಹೆಸರಿದೆಯೇ ಹೊರತು ಭಾಷೆಯ, ಇತಿಹಾಸದ, ದರ್ಶನದ ಹೆಸರಿಲ್ಲ. ಕಿಟೆಲ್ಲರು ಇಂದು ಬಂದು ಆ ಕಲಮಿನ ಬಾಗಿಲನ್ನು ತಟ್ಟಿದರೆ ಬರಿಗೈಯಲ್ಲಿ ಹಿಂದಿರುಗಬೇಕಾದೀತು.

ಕೊಡುವವನ ದೋಷಗಳನ್ನೇ ಎಣಿಸಿ ಪಡೆಯುವವನನ್ನು ಬಿಟ್ಟುಬಿಟ್ಟರೆ ವಿಚಾರವು ಒಕ್ಕಣ್ಣಿನದಾಗುತ್ತದೆ. ಫಲವನ್ನು ಕೇಳಕೂಡದೆಂದ ಮಾತ್ರಕ್ಕೆ ಲೆಕ್ಕವನ್ನೂ ಕೇಳಕೂಡದೆಂದಲ್ಲ. ಋಣಸಂದಾಯಕ್ಕಾಗಿ ಜನರು ಒಪ್ಪಿಸಿದ ಹಣವು ವಿಶ್ವವಿದ್ಯಾನಿಲಯದ ಕೈಗೆ ಬಂದಾಗ ನಿಕ್ಷೇಪವಾಗುತ್ತದೆ. ನಿಕ್ಷೇಪವನ್ನು ಹಿಡಿದವನಿಗೆ ಸತ್ಯವೇ ಧರ್ಮ. ಪ್ರಬಂಧಗಳ ಸಂಖ್ಯೆಯನ್ನು ಎಣಿಸಿ ಪಂಡಿತರ ಯೋಗ್ಯತೆಯನ್ನು ನಿಶ್ಚಯಿಸುವ ಪದ್ಧತಿಯು ಬಂದಂದಿನಿಂದ, ಒಂದು ಕಾಯನ್ನು ಹತ್ತು ಹೋಳುಮಾಡಿ ಹತ್ತು ಕಾಯೆಂದು ಮಾರುವ ಚಾಳಿಯೂ ಬಂದಿದೆ. ಹಣ ತೆತ್ತರೆ ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳೂ ಹುಟ್ಟಿವೆ. ಪ್ರಯೋಗವು ಸೋತಿತೆಂದು ಬರೆಯುವುದು ಅವಮಾನವಲ್ಲ. ಸೋತುದನ್ನು ಮುಚ್ಚುವುದು ಅವಮಾನ. ಸೋಲನ್ನು ಸೋಲೆಂದು ಬರೆದಿಟ್ಟವನು ಮುಂದಿನವನ ಹತ್ತು ವರ್ಷಗಳನ್ನು ಉಳಿಸಿ ತನ್ನ ಪಾಲಿನ ಋಣವನ್ನು ತೀರಿಸಿದಂತಾಯಿತು. ಮತ್ತು ಕಂಡುದನ್ನು, ಹಣ ತೆತ್ತ ಜನರಿಗೆ ತಿಳಿಯುವ ಮಾತಿನಲ್ಲಿ, ಕನ್ನಡದಲ್ಲಿಯೋ ತುಳುವಿನಲ್ಲಿಯೋ, ವರ್ಷಕ್ಕೊಮ್ಮೆಯಾದರೂ ಹೇಳತಕ್ಕದ್ದು. ತಿಳಿಯದ ಭಾಷೆಯಲ್ಲಿ ಒಪ್ಪಿಸಿದ ಲೆಕ್ಕವನ್ನು ಯಾವ ಯಜಮಾನನೂ ಲೆಕ್ಕವೆನ್ನುವುದಿಲ್ಲ.

ಇಷ್ಟೆಲ್ಲವೂ ಆದರ್ಶದ ಮಾತೆಂದು ತಲೆಯಾಡಿಸುವವರು ಈ ಜಿಲ್ಲೆಯ ಚರಿತ್ರೆಯನ್ನೇ ಒಮ್ಮೆ ನೋಡಬಹುದು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ನೆಟ್ಟ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕು, 1924ರಲ್ಲಿ ಹುಟ್ಟಿದ ಕರ್ಣಾಟಕ ಬ್ಯಾಂಕು, 1925ರ ಸಿಂಡಿಕೇಟು, 1931ರ ವಿಜಯಾ ಬ್ಯಾಂಕು — ಇವು ಯಾವ ಅರಸನ ಭಂಡಾರದಿಂದಲೂ ಎದ್ದವಲ್ಲ. ಸಿಂಡಿಕೇಟಿನವರು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೆ ಬಂದು ಎತ್ತುತ್ತಿದ್ದರು. ಅವುಗಳಲ್ಲಿ ಕೆಲವು 2019ರಲ್ಲಿಯೂ 2020ರಲ್ಲಿಯೂ ಬೇರೆ ಬ್ಯಾಂಕುಗಳಲ್ಲಿ ಲೀನವಾದುವು. ಆದರೆ ಅವು ಕಲಿಸಿದ ಪಾಠವು ಲೀನವಾಗಬೇಕಾಗಿಲ್ಲ. ಸಂಶೋಧನೆಗೂ ಇಂತಹ ದಾರಿಯು ಹೊಸದಲ್ಲ. ಕಾಸರಗೋಡು ಈ ಜಿಲ್ಲೆಗೆ ಸೇರಿದ್ದಾಗ, 1916ರಲ್ಲಿ, ಅಲ್ಲಿ ತೆಂಗಿನ ಸಂಶೋಧನ ಕೇಂದ್ರವು ಆರಂಭವಾಯಿತು. 1944ರ ಶಾಸನವು ತೆಂಗಿನ ಹುಟ್ಟುವಳಿಯ ಮೇಲೆ ವಿಧಿಸಿದ ಸಣ್ಣ ಸುಂಕದಿಂದ ಒಂದು ಸಮಿತಿಗೆ ಹಣ ಒದಗಿ, ಆ ಸಮಿತಿಯೇ 1948ರಲ್ಲಿ ಕೇಂದ್ರವನ್ನು ವಹಿಸಿಕೊಂಡಿತು. ಹಲವರ ಅಲ್ಪದಿಂದ ಒಂದು ನಿತ್ಯವಾದ ಕೆಲಸವು ನಡೆದುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಅಂತಹ ಒಂದು ನಿಧಿಯನ್ನು ಕೂಡಿಸುವಾಗ ಲೆಕ್ಕವನ್ನು ಮಾತ್ರ ಕಣ್ತೆರೆದು ಮಾಡತಕ್ಕದ್ದು. ಒಂದು ಕೋಟಿ ರೂಪಾಯಿಯನ್ನು ನೂರಕ್ಕೆ 7ರ ಬಡ್ಡಿಗೆ ಇಟ್ಟರೆ ವರ್ಷಕ್ಕೆ 7 ಲಕ್ಷ ಬರುವುದು. ಬೆಲೆಗಳು ವರ್ಷಕ್ಕೆ ನೂರಕ್ಕೆ 5ರಂತೆ ಏರುವುದಾದರೆ, ಮೂಲಧನದ ಸತ್ತ್ವವನ್ನು ಕಾಯಲು ಅದರಲ್ಲಿ 5 ಲಕ್ಷವನ್ನು ಮರಳಿ ಮೂಲಕ್ಕೆ ಸೇರಿಸಬೇಕು. ವೆಚ್ಚಕ್ಕೆ ಉಳಿಯುವುದು 2 ಲಕ್ಷ. ಈ ಲೆಕ್ಕವನ್ನು ಮಾಡದೆ ಏಳನ್ನೂ ಉಂಡುಬಿಟ್ಟರೆ ಇಪ್ಪತ್ತು ವರ್ಷಗಳಲ್ಲಿ ದಾನಿಯ ಹೆಸರಿನ ಪೀಠದಲ್ಲಿ ಹಲಗೆಯೊಂದೇ ಉಳಿದೀತು. ಆದುದರಿಂದಲೇ ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವ ದೊಡ್ಡ ಮೊತ್ತಕ್ಕಿಂತ ವರ್ಷವರ್ಷವೂ ಸಲ್ಲುವ ಚಿಕ್ಕ ಮೊತ್ತವು ಮೇಲು. ಯಾವ ಪ್ರಶ್ನೆಯನ್ನು ಕೇಳಬೇಕೆಂಬ ನಿರ್ಣಯವು ಹಣ ಕೊಟ್ಟವರದಾಗಿರದೆ ವಿದ್ವಾಂಸರದಾಗಿರಬೇಕು. ಹಣವು ಎಲ್ಲಿ ಹೋಯಿತೆಂದು ಕೇಳುವ ಅಧಿಕಾರವು ವಿದ್ವಾಂಸರದಾಗಿರದೆ ಊರಿನದಾಗಿರಬೇಕು.

ಮುಂದಿನ ಮುಂಗಾರಿಗೂ ಸುಳ್ಯದ ತೋಟದಲ್ಲಿ ಮೈಲುತುತ್ತು ಕರಗುವುದು. ನೀಲಿಯ ದ್ರಾವಣವು ಗೊನೆಗೆ ಏರುವುದು. ಮರವನ್ನೇರಿ ಮದ್ದು ಬಿಡುವವನಿಗೆ ಮಿಲ್ಲಾರ್ಡೆಯ ಹೆಸರು ಗೊತ್ತಿರದು, ಗೊತ್ತಿರಬೇಕೆಂದೂ ಇಲ್ಲ. ಅಂತೆಯೇ ಕೊಣಾಜೆಯಲ್ಲಿ ಇಂದು ಕೇಳಿದ ಒಂದು ಪ್ರಶ್ನೆಯ ಉತ್ತರವು, ಎಪ್ಪತ್ತೆಂಬತ್ತು ವರ್ಷ ಕಳೆದು, ತುಳುನಾಡಿನ ಹೆಸರನ್ನೇ ಕೇಳದ ಒಂದು ಊರಿನ ಬೆಳೆಯನ್ನೋ ಮಗುವನ್ನೋ ಉಳಿಸಿದರೆ, ಅದಕ್ಕಾಗಿ ಎರಡಾಣೆ ತೆತ್ತ ಮಂಗಳೂರಿನ ಗೃಹಸ್ಥನ ಹೆಸರು ಅಲ್ಲಿಯವರಿಗೆ ಗೊತ್ತಿರದು. ಪಡೆದುದನ್ನು ಕೊಟ್ಟವರಿಗೇ ಹಿಂದಿರುಗಿಸಲು ಬಾರದ ಸಾಲವಿದು. ಮುಂದಿನವರಿಗೆ ಸಲ್ಲಿಸಿಯೇ ಇದನ್ನು ತೀರಿಸಬೇಕು.